‘ಚೆನ್ನಾಗಿದೆ’ ಎಂದಷ್ಟೇ ಹೇಳುವಂತಿಲ್ಲ: ಮಡಿಕೇರಿಯ ಹವ್ಯಾಸಿ ರಾಗ ಸಂಯೋಜಕರ ತಿಂಗಳ ಕೂಟ

ಮಡಿಕೇರಿ ಕೋಟೆಯಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ಹಾರ್ಮೋನಿಯಂ ಮತ್ತು ತಬಲ ರಿಪೇರಿ ಮಾಡುವ ಅಂಗಡಿಯೊಂದರ ಮಹಡಿಯ ಮೇಲೆ, ಪ್ರತಿ ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ 2ರಿಂದ 5 ಗಂಟೆಯವರೆಗೆ ಒಂದು ಕೂಟ ಸೇರುತ್ತದೆ. ತಾವೇ ರಾಗ ಹಾಕಿದ ಹಾಡುಗಳನ್ನು ತಂದು ಅಲ್ಲಿ ಹಾಡುವವರಲ್ಲಿ ಸಂಗೀತವನ್ನು ವೃತ್ತಿ ಮಾಡಿಕೊಂಡವರು ಯಾರೂ ಇಲ್ಲ. ಕಾಫಿ ತೋಟದಲ್ಲಿ ರೈಟರ್ (ಲೆಕ್ಕಪತ್ರ ನೋಡುವವರು) ಆಗಿದ್ದು ನಿವೃತ್ತರಾದವರು, ಸೋಮವಾರಪೇಟೆ ಕಡೆಯ ಕನ್ನಡ ಮೇಷ್ಟ್ರು, ಕುಶಾಲನಗರದಲ್ಲಿ ಆಟೊ ಓಡಿಸುವವರು, ವಿರಾಜಪೇಟೆಯ ನರ್ಸ್, ಪೊನ್ನಂಪೇಟೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗರು, ಹೀಗೆ ಒಂದು ಸಲಕ್ಕೆ 15 ಮಂದಿ ಸೇರುತ್ತಾರೆ. ನಾನು ಈ ಕೂಟಕ್ಕೆ ಹೋಗತೊಡಗಿ 14 ತಿಂಗಳಾಯಿತು. ಇಷ್ಟರಲ್ಲಿ ನನ್ನ ಮೂರು ಹಾಡುಗಳನ್ನು ಅವರ ಮುಂದಿಟ್ಟಿದ್ದೇನೆ, ಬೇರೆಯವರ ಹಾಡುಗಳನ್ನು ಅದಕ್ಕಿಂತ ಎಷ್ಟೋ ಹೆಚ್ಚು ಕೇಳಿದ್ದೇನೆ. ಶುಲ್ಕ ಒಂದು ಸಲಕ್ಕೆ 150 ರೂಪಾಯಿ, ಹಾಡು ಇಡದೆ ಕೇಳಲು ಮಾತ್ರ ಬರುವವರಿಗೆ 50. ಕಾಫಿ ಅದರಲ್ಲೇ ಸೇರಿದೆ.

ಕೊಡಗಿನಲ್ಲಿ ಸಂಗೀತ ಕಲಿಸುವವರಿದ್ದಾರೆ. ಕಲಿತದ್ದನ್ನು ಹಾಡಲು ದಸರಾ ವೇದಿಕೆ, ದೇವಸ್ಥಾನದ ಉತ್ಸವ, ಮಡಿಕೇರಿ ಆಕಾಶವಾಣಿ ಇವೆ. ಆದರೆ ನಿನ್ನೆ ರಾತ್ರಿ ಹುಟ್ಟಿದ, ಇನ್ನೂ ಹಸಿಯಾಗಿರುವ ಒಂದು ರಾಗವನ್ನು ಯಾರ ಮುಂದೆ ಹಾಡಿ ‘ಇದು ನಿಂತಿದೆಯೇ?’ ಎಂದು ಕೇಳಬೇಕು ಎಂಬುದು ನನ್ನಂಥವರ ಬಹುಕಾಲದ ಕೊರತೆಯಾಗಿತ್ತು. ಮನೆಯವರು ಪ್ರೀತಿಯಿಂದ ಚೆನ್ನಾಗಿದೆ ಎನ್ನುತ್ತಾರೆ, ನೆಂಟರು ಸೌಜನ್ಯಕ್ಕೆ ಎನ್ನುತ್ತಾರೆ, ಸಂಗೀತದ ಗುರುಗಳು ಹಾಡುವ ಕಂಠವನ್ನು ತಿದ್ದುತ್ತಾರೆಯೇ ಹೊರತು ಹಾಡಿನ ಕಟ್ಟಡವನ್ನು ಮುಟ್ಟುವುದಿಲ್ಲ. ಈ ಕೂಟವನ್ನು ನಾನು ಇಷ್ಟು ವಿವರವಾಗಿ ಪರಿಚಯಿಸಲು ಹೊರಟಿರುವುದು ಅದು ಆ ಕಟ್ಟಡವನ್ನೇ ನೋಡುತ್ತದೆ ಎಂಬ ಕಾರಣಕ್ಕೆ.

ಇಲ್ಲಿನ ಕ್ರಮ ಕಟ್ಟುನಿಟ್ಟಾಗಿದೆ. ಒಂದು ದಿನಕ್ಕೆ ಆರು ಹಾಡು, ಒಂದೊಂದಕ್ಕೆ 25 ನಿಮಿಷ. ಮೊದಲ ಸಲ ಹಾಡುವಾಗ ಯಾರ ಕೈಯಲ್ಲೂ ಕಾಗದವಿರುವುದಿಲ್ಲ, ಸುಮ್ಮನೆ ಕೇಳಬೇಕು. ಅದಾದ ಮೇಲೆ ಸಾಹಿತ್ಯದ ಜೆರಾಕ್ಸ್ ಪ್ರತಿ ಹಂಚುತ್ತಾರೆ. ಎರಡನೆಯ ಸಲ ಕೇಳುತ್ತಾ ಎಲ್ಲಿ ಮನಸ್ಸು ನಿಂತಿತು, ಎಲ್ಲಿ ಜಾರಿತು ಎಂಬುದನ್ನು ಆ ಸಾಲಿನ ಪಕ್ಕದಲ್ಲೇ ಗುರುತು ಹಾಕಿಕೊಳ್ಳಬೇಕು. ಬಳಿಕ ಒಬ್ಬೊಬ್ಬರಾಗಿ ಮಾತನಾಡುತ್ತಾರೆ. ‘ಚೆನ್ನಾಗಿದೆ’ ಎಂದವರನ್ನು ಕೂಟ ನಡೆಸುವ ಅಕ್ಕ ‘ಯಾವ ಸಾಲು?’ ಎಂದು ಕೇಳದೆ ಬಿಡುವುದಿಲ್ಲ. ‘ಯಾಕೋ ಸರಿ ಬರಲಿಲ್ಲ’ ಎಂದವರಿಗೂ ಅದೇ ಪ್ರಶ್ನೆ. ಎಲ್ಲರ ಮಾತು ಮುಗಿಯುವವರೆಗೆ ಹಾಡು ಕಟ್ಟಿದವರು ಬಾಯಿ ತೆರೆಯುವಂತಿಲ್ಲ. ಈ ಕೊನೆಯ ನಿಯಮ ನನಗೆ ಮೊದಲು ಬಹಳ ಕಷ್ಟವಾಯಿತು, ಯಾಕೆಂದರೆ ನಮ್ಮ ಹಾಡನ್ನು ಸಮರ್ಥಿಸಿಕೊಳ್ಳುವ ಮಾತು ನಾಲಗೆಯ ತುದಿಯಲ್ಲೇ ಇರುತ್ತದೆ. ಆದರೆ ಹಾಡು ನಮ್ಮ ಕೈ ಬಿಟ್ಟು ಹೋದ ಮೇಲೆ ಅದರ ಜೊತೆಗೆ ವಿವರಣೆ ಕೊಡಲು ನಾವು ಹೋಗಲಾಗುವುದಿಲ್ಲವೆಂಬುದು ಆ ಮೌನದಲ್ಲಿ ಕುಳಿತಾಗಲೇ ಅರ್ಥವಾಗುತ್ತದೆ. ಗುರುತು ಹಾಕಿದ ಪ್ರತಿಗಳನ್ನೆಲ್ಲ ಕೊನೆಗೆ ನಮಗೇ ಕೊಟ್ಟುಬಿಡುತ್ತಾರೆ.

ನಾನು ಮೊದಲು ಇಟ್ಟದ್ದು ಅಮ್ಮನ ಕೈಬಳೆಯ ಮೇಲೆ ನಾನೇ ಬರೆದು ಮೋಹನ ರಾಗದಲ್ಲಿ, ಆದಿತಾಳಕ್ಕೆ ಕೂರಿಸಿದ ಒಂದು ಹಾಡು. ಪಲ್ಲವಿ ‘ಬಳೆಯ ಸದ್ದು’ ಎಂದು ಆರಂಭವಾಗುತ್ತದೆ. ಎರಡು ವರ್ಷದಿಂದ ಅದನ್ನು ಮನೆಯಲ್ಲಿ, ಮದುವೆಯ ಮನೆಗಳಲ್ಲಿ ಹಾಡಿದ್ದೆ. ಕೂಟದಲ್ಲಿ ಕನ್ನಡ ಮೇಷ್ಟ್ರು ತಮ್ಮ ಸರದಿ ಬಂದಾಗ, ಮೊದಲ ಸಲ ಕೇಳಿದಾಗ ಇದು ಬಾಳೆಯ ಗಿಡದ ಹಾಡೆಂದೇ ತಿಳಿದುಕೊಂಡಿದ್ದೆ ಎಂದರು. ತಾಳದ ಮೊದಲ ಪೆಟ್ಟಿಗೇ ‘ಬ’ ಅಕ್ಷರವನ್ನಿಟ್ಟು ಅದನ್ನು ಮೂರು ಮಾತ್ರೆಯಷ್ಟು ಎಳೆದಿದ್ದೆ. ಹ್ರಸ್ವ ಹೋಗಿ ದೀರ್ಘವಾಗಿ ‘ಬಳೆ’ ‘ಬಾಳೆ’ ಆಗಿತ್ತು. ಹ್ರಸ್ವ ದೀರ್ಘಗಳಿಂದಲೇ ಅರ್ಥ ಬದಲಾಗುವ ನಮ್ಮ ಭಾಷೆಯಲ್ಲಿ ಇದು ಸಣ್ಣ ದೋಷವಲ್ಲ. ಆ ದಿನ ನರ್ಸ್ ಮೇಡಂ ಒಂದು ಪರಿಹಾರವನ್ನು ಹಾಡಿಯೇ ತೋರಿಸಿದರು: ತಾಳದ ಪೆಟ್ಟು ಬಿದ್ದ ಅರ್ಧ ಅಕ್ಷರದ ಬಳಿಕ, ಅನಾಗತದಲ್ಲಿ ಎತ್ತಿಕೊಂಡರೆ ‘ಬಳೆ’ ಎಂಬ ಎರಡು ಹ್ರಸ್ವಗಳೂ ಚುರುಕಾಗಿ ಸರಿದುಹೋಗಿ ಎಳೆತವೆಲ್ಲ ‘ಯ’ದ ಮೇಲೆ ಬೀಳುತ್ತದೆ, ಪದದ ಕೊನೆಯಲ್ಲಿ ಎಳೆದರೆ ಕನ್ನಡದ ಕಿವಿ ಅದನ್ನು ಸಹಜವಾಗಿಯೇ ತೆಗೆದುಕೊಳ್ಳುತ್ತದೆ. ಅವರೇ ಇನ್ನೊಂದನ್ನೂ ಹೇಳಿದರು. ಮಂದ್ರ (ಕೆಳ ಸ್ಥಾಯಿ) ಪಂಚಮದಿಂದ ತಾರ (ಮೇಲು ಸ್ಥಾಯಿ) ಪಂಚಮದವರೆಗೆ ಪೂರ್ತಿ ಎರಡು ಸ್ಥಾಯಿ ಓಡಾಡುವ ಹಾಡನ್ನು ತಾಲೀಮಿಲ್ಲದವರು ಯಾವ ಶ್ರುತಿಗೆ ಇಟ್ಟುಕೊಂಡರೂ ಮೇಲೋ ಕೆಳಗೋ ಒಂದು ಕಡೆ ಸೋಲುತ್ತಾರೆ. ಅಮ್ಮನ ಹಾಡನ್ನು ಎಲ್ಲರೂ ಗುನುಗಬೇಕೆಂಬ ಆಸೆ ನನಗಿದ್ದರೆ ಚರಣವನ್ನು ತಾರ ಗಾಂಧಾರಕ್ಕೆ ನಿಲ್ಲಿಸಬೇಕು. ನಾನು ಎರಡನ್ನೂ ತಿದ್ದಿಕೊಂಡೆ. ಎರಡು ವರ್ಷ ಹಾಡಿಯೂ ನನಗೆ ಕೇಳಿಸದೇ ಇದ್ದದ್ದು ಆ 25 ನಿಮಿಷದಲ್ಲಿ ಕೇಳಿಸಿತು.

ಛಂದಸ್ಸಿನ ಕಡೆಯಿಂದ ಬರುವ ಇಂತಹ ಸಲಹೆಗಳೇ ಈ ಕೂಟದ ನಿಜವಾದ ಬಲ. ನಿವೃತ್ತ ರೈಟರ್ ಒಬ್ಬರು ಕಾವೇರಿಯ ಮೇಲೆ ಭಾಮಿನಿ ಷಟ್ಪದಿಯಲ್ಲಿ ಬರೆದು ಅದನ್ನು ಆದಿತಾಳಕ್ಕೆ ಕೂರಿಸಿ ತಂದಿದ್ದರು. ಭಾಮಿನಿಯ ಚಿಕ್ಕ ಸಾಲಿನಲ್ಲಿ ಮೂರು ನಾಲ್ಕು, ಮೂರು ನಾಲ್ಕು ಎಂದು ಒಟ್ಟು 14 ಮಾತ್ರೆಗಳಿರುತ್ತವೆ. ಎಂಟೆಣಿಕೆಯ ಆದಿತಾಳದ ಎರಡು ಆವರ್ತಕ್ಕೆ (ಸುತ್ತಿಗೆ) 16 ಬೇಕು. ಉಳಿದ ಎರಡನ್ನು ತುಂಬಲು ಅವರು ಪ್ರತಿ ಸಾಲಿನ ನಡುವೆ ಯಾವುದಾದರೊಂದು ಅಕ್ಷರವನ್ನು ಹಿಗ್ಗಿಸುತ್ತಿದ್ದರು, ಹಾಡು ಅಲ್ಲಲ್ಲಿ ಕುಂಟಿದಂತೆ ಕೇಳುತ್ತಿತ್ತು. ಮಿಶ್ರಛಾಪು ತಾಳದಲ್ಲಿ ಇಟ್ಟು ನೋಡಿ ಎಂದು ಮೇಷ್ಟ್ರು ಸೂಚಿಸಿದಾಗ ಏಳು ಮಾತ್ರೆಯ ಎರಡು ಆವರ್ತಕ್ಕೆ ಸಾಲು ಅಳತೆ ತೆಗೆದುಕೊಂಡಂತೆ ಕೂತಿತು. ಉದ್ದವಾದ ಮೂರನೆಯ ಮತ್ತು ಆರನೆಯ ಸಾಲಿನ ಕೊನೆಯ ಗುರುವಿನ (ಎರಡು ಮಾತ್ರೆಯ ಅಕ್ಷರದ) ಬಳಿಕ ಆವರ್ತದಲ್ಲಿ ಐದು ಮಾತ್ರೆಗಳು ಖಾಲಿ ಉಳಿಯುತ್ತವೆ, ಅಲ್ಲಿ ಕೊಳಲು ನುಡಿಸಬಹುದೆಂದು ಎಂಜಿನಿಯರಿಂಗ್ ಹುಡುಗನೊಬ್ಬ ಹೇಳಿ, ಮುಂದಿನ ತಿಂಗಳು ತಾನೇ ಕೊಳಲು ತಂದು ನುಡಿಸಿದ. ಆ ಹಾಡು ನಮ್ಮೆಲ್ಲರ ಕಣ್ಣೆದುರಿಗೇ ಎದ್ದು ನಿಂತಿತು.

ಕೂಟ ಎಡವುವುದು ಬೇರೆ ಕಡೆ. ಇಲ್ಲಿ ಹೆಚ್ಚಿನವರ ಕಿವಿ ಸುಗಮ ಸಂಗೀತದಲ್ಲಿ ಬೆಳೆದದ್ದು. ಪಲ್ಲವಿ, ಚರಣ, ಚರಣಕ್ಕೊಂದು ಹೊಸ ತಿರುವು ಎಂಬ ಅಚ್ಚು ಎಲ್ಲ ಹಾಡಿಗೂ ಸಲ್ಲುತ್ತದೆ ಎಂಬ ನಂಬಿಕೆ ಅವರಲ್ಲಿ ಆಳವಾಗಿದೆ. ನಾಪೋಕ್ಲು ಕಡೆಯ ಯುವಕನೊಬ್ಬ ಕೈಯಲ್ಲಿ ಹಿಡಿಯುವ ಸಣ್ಣ ಚರ್ಮವಾದ್ಯವಾದ ದುಡಿ ಬಡಿಯುತ್ತಾ ಹಾಡುವ, ಕೊಡವರ ಸಾಂಪ್ರದಾಯಿಕ ಹಾಡಾದ ಬಾಳೊಪಾಟ್‌ನ ರೀತಿಯಲ್ಲಿ, ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ಹೊಸ ಹಾಡೊಂದನ್ನು ಕಟ್ಟಿ ತಂದಾಗ ಹೆಚ್ಚಿನವರು ಅದು ಏಕತಾನವೆಂದರು, ನಡುವೆ ರಾಗ ಬದಲಿಸಲು ಹೇಳಿದರು. ಭಾಷೆ ತಿಳಿದವರು ನಾಲ್ವರೇ ಇದ್ದುದರಿಂದ ಪದಗಳ ಬಗ್ಗೆ ಮಾತೇ ಬರಲಿಲ್ಲ. ಇದು ಆ ಹಾಡಿಗೆ ಮಾಡಿದ ಅನ್ಯಾಯವೆಂದು ನನಗೆ ಅಂದೂ ಅನ್ನಿಸಿತ್ತು, ಇಂದೂ ಅನ್ನಿಸುತ್ತದೆ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಪ್ರಕಟಿಸಿದ ನೆಲದಲ್ಲಿ, ಆ ಪರಂಪರೆಯ ಹೊಸ ಹಾಡೊಂದನ್ನು ಅದರದೇ ಅಳತೆಗೋಲಿನಿಂದ ಅಳೆಯಲು ನಮಗೆ ಬರಬೇಕಿತ್ತು. ಅಕ್ಕ ಇದನ್ನು ಮನಸ್ಸಿಗೆ ತೆಗೆದುಕೊಂಡು ಮುಂದಿನ ತಿಂಗಳು ದುಡಿ ಹಿಡಿದು ಅನುಭವವಿರುವ ಹಿರಿಯರೊಬ್ಬರನ್ನು ಕರೆಸಿದರು. ನಾಲ್ವರು ಸೇರಿ ಹಾಡುವಾಗ ಇಬ್ಬರು ಒಂದು ಸಾಲು ಹಾಡಿ, ಉಳಿದಿಬ್ಬರು ಅದನ್ನೇ ಮರಳಿ ಹಾಡುವ ಆ ಪದ್ಧತಿಯಲ್ಲಿ ರಾಗ ಒಂದೇ ಇರುವುದರಿಂದಲೇ ಕೇಳುವವರ ಗಮನ ಕಥೆಯ ಮೇಲೆ ನಿಲ್ಲುತ್ತದೆಂದು ಅವರು ವಿವರಿಸಿದರು. ಯುವಕನ ಹಾಡಿನಲ್ಲಿ ತಿದ್ದಬೇಕಾದ್ದು ರಾಗವಲ್ಲ, ಎರಡನೆಯ ಜೋಡಿ ಎತ್ತಿಕೊಳ್ಳುವಾಗ ಉಸಿರಿಗೆ ಜಾಗವಿಲ್ಲದಷ್ಟು ಉದ್ದವಾಗಿರುವ ಸಾಲುಗಳು ಎಂದರು. ಅಂಥ ಹಿರಿಯರು ಪ್ರತಿ ತಿಂಗಳೂ ಬರುವ ಏರ್ಪಾಡು ಇನ್ನೂ ಆಗಿಲ್ಲ. ಕೊಡಗಿನಲ್ಲಿ ಆಡುವ ಕನ್ನಡದ ಉಪಭಾಷೆಯಾದ ಅರೆಭಾಷೆಯ ಹಾಡುಗಳ ಸ್ಥಿತಿಯೂ ಹೆಚ್ಚುಕಡಿಮೆ ಇದೇ.

ಚರ್ಚಿನ ಗಾಯನ ವೃಂದದಲ್ಲಿ ಹಾಡುವ ಒಬ್ಬರು ನಾಲ್ಕು ಧ್ವನಿಗಳ ಹಾಡನ್ನು ಮ್ಯೂಸ್‌ಸ್ಕೋರ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ಟಾಫ್ ನೊಟೇಷನ್‌ನಲ್ಲಿ ಬರೆದು ತರುತ್ತಾರೆ. ನಮ್ಮಲ್ಲಿ ಅನೇಕರಿಗೆ ಸರಿಗಮ ಬಿಟ್ಟರೆ ಬೇರೆ ಲಿಪಿ ಓದಲು ಬಾರದು. ಆದರೆ ಆ ತಂತ್ರಾಂಶ ಒಂದೊಂದೇ ಧ್ವನಿಯನ್ನು ಬಿಡಿಯಾಗಿಯೂ ನುಡಿಸಿ ಕೇಳಿಸುವುದರಿಂದ, ಕೆಳಧ್ವನಿ ಎಲ್ಲಿ ಮೇಲುಧ್ವನಿಯ ದಾರಿಗೆ ಅಡ್ಡ ಬರುತ್ತಿದೆ ಎಂಬುದನ್ನಾದರೂ ಹೇಳಲು ನಮಗೆ ಸಾಧ್ಯವಾಗಿದೆ.

ಧ್ವನಿಯ ವ್ಯವಸ್ಥೆ ಸುಧಾರಿಸಬೇಕು. ಧ್ವನಿಮುದ್ರಿಸಿ ತಂದ ಹಾಡುಗಳನ್ನು ಕೇಳಿಸಲು ಇಟ್ಟಿರುವ ಬ್ಲೂಟೂತ್ ಸ್ಪೀಕರ್ ಕೆಳಸ್ವರಗಳನ್ನು ಇರುವುದಕ್ಕಿಂತ ಬಹಳ ದಪ್ಪಗೆ ತೋರಿಸುತ್ತದೆ, ಮೃದಂಗದ ಎಡಬದಿ ಇಡೀ ಕೋಣೆಯನ್ನು ತುಂಬಿ ಸಾಹಿತ್ಯವನ್ನು ನುಂಗುತ್ತದೆ. ಪಕ್ಕದ ಸಣ್ಣ ಕೋಣೆಯಲ್ಲಿ ಗಂಟೆಗೆ 500 ರೂಪಾಯಿ ಕೊಟ್ಟು ಒಂದು ಕಂಡೆನ್ಸರ್ ಮೈಕ್, ಆಡಾಸಿಟಿ ಎಂಬ ಧ್ವನಿಮುದ್ರಣ ತಂತ್ರಾಂಶ ಹಾಕಿದ ಲ್ಯಾಪ್‌ಟಾಪ್ ಬಳಸಿ ಮುದ್ರಿಸಿಕೊಳ್ಳಬಹುದು. ಮಾದರಿಗೆ ಇಟ್ಟುಕೊಳ್ಳಲು ಅದು ಸಾಕು, ಬಿಡುಗಡೆ ಮಾಡುವ ಗುಣಮಟ್ಟವನ್ನು ಅಲ್ಲಿ ನಿರೀಕ್ಷಿಸಬಾರದು. ಇನ್ನು ಮಳೆಗಾಲ. ಮಹಡಿಯ ಮಾಡು ಶೀಟಿನದ್ದು. ಜೂನ್‌ನಿಂದ ಆಗಸ್ಟ್‌ವರೆಗೆ ಅದರ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಪಕ್ಕದಲ್ಲಿ ಕುಳಿತವರ ಮಾತೂ ಕೇಳುವುದಿಲ್ಲ. ಆ ಮೂರು ತಿಂಗಳು ಹಾಡುಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಇಷ್ಟನೆಯ ನಿಮಿಷ, ಇಷ್ಟನೆಯ ಸೆಕೆಂಡ್ ಎಂದು ಗುರುತಿಸಿ ಅಭಿಪ್ರಾಯ ಬರೆಯುತ್ತೇವೆ. ವಾಯ್ಸ್ ನೋಟ್ ಆಗಿ ಕಳಿಸಿದರೆ ಧ್ವನಿಯನ್ನು ಬಹಳ ಕುಗ್ಗಿಸಿಬಿಡುತ್ತದೆ, ತಂಬೂರಿಯ ನಾದ ಸವೆದುಹೋಗುತ್ತದೆ. ಫೈಲ್ ಆಗಿಯೇ ಕಳಿಸಬೇಕು. ಬರೆದು ಕಳಿಸುವ ಅಭಿಪ್ರಾಯ ಹೆಚ್ಚು ನಿಖರವಾಗಿರುತ್ತದೆ ನಿಜ, ಆದರೆ ಹಾಡಿ ತೋರಿಸಿ ತಿದ್ದುವ ಲಾಭ ಅದರಲ್ಲಿಲ್ಲ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಅರ್ಧದಷ್ಟು ಜನ ಮಾತ್ರ ಬರುತ್ತಾರೆ, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ.

ರಾಗ ಕಳವಾಗುತ್ತದೆಂಬ ಭಯ ಹೊಸಬರಲ್ಲಿ ಬಹಳ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ಸಿಗಲು ನೋಂದಣಿ ಕಡ್ಡಾಯವಲ್ಲ. ಆದರೂ ಯಾವುದು ಮೊದಲು ಎಂಬ ಪ್ರಶ್ನೆ ಎದ್ದರೆ ದಾಖಲೆ ಬೇಕಾಗುತ್ತದೆ. ಅದಕ್ಕಾಗಿ ಅಕ್ಕ ಒಂದು ದಪ್ಪ ಪುಸ್ತಕದಲ್ಲಿ ಹಾಡಿನ ಮೊದಲ ಸಾಲು, ರಾಗ, ತಾಳ, ದಿನಾಂಕ ಬರೆದು ಕೇಳಿದ ಇಬ್ಬರಿಂದ ಸಹಿ ಹಾಕಿಸುತ್ತಾರೆ. ಇತರ ಕವಿಗಳ ಸಾಹಿತ್ಯಕ್ಕೆ ರಾಗ ಹಾಕಿ ತರುವವರಿಗೂ ಅವರು ನಿಯಮವನ್ನು ತಪ್ಪದೆ ನೆನಪಿಸುತ್ತಾರೆ: ಕವಿ ತೀರಿಕೊಂಡ ಬಳಿಕವೂ 60 ವರ್ಷ ಹಕ್ಕು ಉಳಿದಿರುತ್ತದೆ, ಹಾಡನ್ನು ಹೊರಗೆ ತರುವ ಮೊದಲು ಹಕ್ಕುದಾರರ ಒಪ್ಪಿಗೆ ಪಡೆಯಬೇಕು.

ನನಗೆ ತೀರ ನೋವಾದ ಸಂಗತಿಯೊಂದನ್ನೂ ಹೇಳಬೇಕು. ಪಿಯುಸಿ ಓದುವ ಹುಡುಗಿಯೊಬ್ಬಳು ಮೊದಲ ಸಲ ಹಾಡು ಇಟ್ಟ ದಿನ ಒಂಬತ್ತು ಮಂದಿ ಒಬ್ಬರ ಹಿಂದೊಬ್ಬರು ಅದರ ದೋಷಗಳನ್ನೇ ಎಣಿಸಿದರು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅವಳ ಅನುಪಲ್ಲವಿಯಲ್ಲಿ ಕಲ್ಯಾಣಿ ರಾಗದ ಮಧ್ಯಮವನ್ನು ಮುಟ್ಟುವ ಒಂದು ಅಪರೂಪದ ಜಾಗವಿತ್ತು, ಅದನ್ನು ಗಮನಿಸಿದ್ದ ನಾನೂ ನನ್ನ ಸರದಿಯಲ್ಲಿ ತಾಳದ ತಪ್ಪನ್ನೇ ಹೇಳಿ ಕುಳಿತುಬಿಟ್ಟೆ. ಅವಳು ಎರಡು ತಿಂಗಳು ಬರಲಿಲ್ಲ. ಈಗ ಮೊದಲ ಸಲ ಹಾಡು ಇಡುವವರಿಗೆ ಒಟ್ಟು ಮೂರೇ ಸಲಹೆ, ಅವುಗಳಲ್ಲಿ ಒಂದು ಉಳಿಸಿಕೊಳ್ಳಬೇಕಾದ ಸಾಲಿನ ಬಗ್ಗೆಯೇ ಇರಬೇಕು ಎಂಬ ನಿಯಮ ಬಂದಿದೆ. ಹುಡುಗಿ ಮರಳಿ ಬಂದಿದ್ದಾಳೆ, ಆ ಮಧ್ಯಮವನ್ನು ಹಾಗೆಯೇ ಉಳಿಸಿಕೊಂಡಿದ್ದಾಳೆ.

ಚಪ್ಪಾಳೆ ಬೇಕಾದವರಿಗೆ ಇದು ತಕ್ಕ ಜಾಗವಲ್ಲ. ಒಂದು ಹಾಡನ್ನು ಹತ್ತು ಸಲ ಬಿಚ್ಚಿ ಕಟ್ಟಲು ಸಿದ್ಧವಿರುವವರು ತಪ್ಪದೆ ಹೋಗಬೇಕು, 150 ರೂಪಾಯಿಗೆ ಕೊಡಗಿನಲ್ಲಿ ಇಷ್ಟು ಗಮನವಿಟ್ಟು ಕೇಳುವ 15 ಜೋಡಿ ಕಿವಿಗಳು ಬೇರೆಲ್ಲೂ ನನಗೆ ಸಿಕ್ಕಿಲ್ಲ. ಹಾಡು ಇಡುವವರು ಹಿಂದಿನ ತಿಂಗಳ 25ರೊಳಗೆ ಅಂಗಡಿಯಲ್ಲಿ ಹೆಸರು ಬರೆಸಬೇಕು. ಸಾಹಿತ್ಯದ 15 ಪ್ರತಿಗಳನ್ನು ದಪ್ಪ ಅಕ್ಷರದಲ್ಲಿ, ಗುರುತು ಹಾಕಲು ಸಾಲುಗಳ ನಡುವೆ ಜಾಗ ಬಿಟ್ಟು ಮಾಡಿಸಿಕೊಂಡು ಹೋಗಿ. ಶ್ರುತಿಪೆಟ್ಟಿಗೆಯನ್ನೂ ನಿಮ್ಮದನ್ನೇ ಒಯ್ಯಿರಿ. ಸೋಮವಾರಪೇಟೆ ಕಡೆಯವರು ಬಸ್ಸಿಗೆಂದು 4 ಗಂಟೆಗೇ ಎದ್ದು ಹೋಗುವುದರಿಂದ ಕೊನೆಯ ಎರಡು ಹಾಡುಗಳಿಗೆ ಮೇಷ್ಟ್ರ ಅಭಿಪ್ರಾಯ ಸಿಗುವುದಿಲ್ಲ; ಷಟ್ಪದಿಯನ್ನೋ ಮಾತ್ರಾಗಣದ ಪದ್ಯವನ್ನೋ ತರುವವರು ಮೊದಲ ಮೂರರೊಳಗೆ ಸರದಿ ಕೇಳಿಕೊಳ್ಳುವುದು ಒಳ್ಳೆಯದು.