ಬಡಿಯುವುದೋ, ಕಾಯಿಸುವುದೋ, ದಬ್ಬುವುದೋ: ಹಳೆ ಫಾರ್ಗೋ ಬಾಗಿಲಿನ ನಾಲ್ಕು ಪಿನ್ನು

ಮೊದಲೇ ಹೇಳಿಬಿಡುತ್ತೇನೆ, ಬಾಗಿಲಿನ ಬಿಜಾಗ್ರಿಯಲ್ಲಿ ತುಕ್ಕು ಹಿಡಿದು ಕೂತ ಪಿನ್ನು ತೆಗೆಯಲು ನನ್ನ ಓಟು ಸ್ಕ್ರೂ ಪುಲ್ಲರಿಗೆ, ಅಂದರೆ ಸ್ಕ್ರೂ ತಿರುಗಿಸಿ ಪಿನ್ನನ್ನು ದಬ್ಬುವ ಸಾಧನಕ್ಕೆ. ಬೆಳಗಾವಿಯ ಉದ್ಯಮಬಾಗದ ಒಂದು ಲೇತ್ ಅಂಗಡಿಯಲ್ಲಿ 1,800 ರೂಪಾಯಿ ಕೊಟ್ಟು ಮಾಡಿಸಿದ್ದು. ಮೊದಲ ದಿನವೇ ಮಾಡಿಸಬೇಕಿತ್ತು. ಮಾಡಿಸಿದ್ದು ಹದಿನೈದು ದಿನ ಆದ ಮೇಲೆ. ಅಷ್ಟರಲ್ಲಿ ಎರಡು ಪಂಚ್ (ಪಿನ್ನಿನ ಮೇಲಿಟ್ಟು ಬಡಿಯುವ ಉಕ್ಕಿನ ಕಡ್ಡಿ), ಒಂದು ಉಗುರು ಮತ್ತು ಬಾಗಿಲಿನ ಮೇಲಿನ ಒಂದು ಅಕ್ಷರ ಹೋಗಿದ್ದವು.

ಗಾಡಿ ಅಜ್ಜನದು. ಫಾರ್ಗೋ ಪಿಕಪ್, ಆರ್‌ಸಿಯಲ್ಲಿ 1951 ಎಂದಿದೆ. ಫಾರ್ಗೋ ಅಂದರೆ ಡಾಜ್ ಗಾಡಿಯೇ, ಮೇಲಿನ ಹೆಸರಷ್ಟೇ ಬೇರೆ. ಎರಡೂ ಕ್ರೈಸ್ಲರ್ ಕಂಪನಿಯವು. ನಮ್ಮ ಕಡೆಗೆ ಬಂದವನ್ನು ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ಜೋಡಿಸುತ್ತಿದ್ದರು. ಅಜ್ಜ ಇದರಲ್ಲಿ ಬೆಲ್ಲ ಹೇರಿಕೊಂಡು ಕಿತ್ತೂರಿನಿಂದ ಬೆಳಗಾವಿ ಪೇಟೆಗೆ ಬರುತ್ತಿದ್ದರು. ಆಮೇಲೆ ಇಪ್ಪತ್ತು ವರ್ಷ ತಗಡಿನ ಶೆಡ್ಡಿನಲ್ಲಿ ನಿಂತಿತ್ತು. ನಮ್ಮೂರ ಮಳೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್ ತನಕ ಬಟ್ಟೆ ಒಣಗುವುದಿಲ್ಲ. ಶೆಡ್ಡಿನೊಳಗಿನ ಕಬ್ಬಿಣ ಹೇಗೆ ಒಣಗೀತು?

ಎರಡೂ ಬಾಗಿಲು ಜೋತುಬಿದ್ದಿದ್ದವು. ಹಿಡಿಕೆ ಹಿಡಿದು ಮೇಲೆ ಎತ್ತಿ ಹಾಕಿದರೆ ಮಾತ್ರ ಲಾಕ್ ಕೂರುತ್ತಿತ್ತು. ಬಿಜಾಗ್ರಿಯ ಪಿನ್ನು ತೆಗೆದು ಹೊಸ ಪಿನ್ನು, ಪಿನ್ನಿನ ಸುತ್ತ ಕೂರುವ ಹೊಸ ಬುಷ್ ಹಾಕಿದರೆ ಮುಗಿಯಿತು. ಬಾಗಿಲಿಗೆ ಎರಡರಂತೆ ಒಟ್ಟು ನಾಲ್ಕು ಪಿನ್ನು. ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ.

ತಮಾಷೆ ಅಂದರೆ, ಪಿನ್ನು ನಡುವೆ ಸವೆದು ಲೊಡಲೊಡ ಅನ್ನುತ್ತದೆ, ತುದಿಯಲ್ಲಿ ಮಾತ್ರ ಬಂಡೆಯ ಹಾಗೆ ಕೂತಿರುತ್ತದೆ. ಬಾಗಿಲು ತಿರುಗುವಾಗ ಪಿನ್ನು ತಿರುಗಬಾರದು ಅಂತ ಅದರ ಒಂದು ಕಡೆ ಸಣ್ಣ ಹಲ್ಲು ಕೊರೆದು ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ. ಆ ಹಲ್ಲಿನ ಸಂದಿಗೆ ತುಕ್ಕು ಇಳಿಯುತ್ತದೆ. ಕಬ್ಬಿಣ ತುಕ್ಕಾದರೆ ಮೊದಲಿನ ದುಪ್ಪಟ್ಟಿಗಿಂತ ಜಾಸ್ತಿ ಜಾಗ ಕೇಳುತ್ತದೆ. ಜಾಗ ಇಲ್ಲದ ಕಡೆ ಅದು ಬೆಣೆ ಹೊಡೆದ ಹಾಗೆ.

ಸುತ್ತಿಗೆ ಮತ್ತು ಪಂಚ್‌ನಿಂದ ಶುರು ಮಾಡಿದೆ. ಎಲ್ಲರೂ ಅದನ್ನೇ ಮಾಡುತ್ತಾರೆ, ಮನೆಯಲ್ಲೇ ಇರುತ್ತದೆ, ಖರ್ಚಿಲ್ಲ. ಹಿಂದಿನ ರಾತ್ರಿ ಡಬ್ಲ್ಯೂಡಿ-40 ಹೊಡೆದಿಟ್ಟೆ. ಅದರ ಹೆಸರಿನಲ್ಲೇ ಇದೆ (ಡಬ್ಲ್ಯೂಡಿ ಅಂದರೆ ವಾಟರ್ ಡಿಸ್‌ಪ್ಲೇಸ್‌ಮೆಂಟ್), ನೀರನ್ನು ಹೊರಗೆ ತಳ್ಳಲು ಮಾಡಿದ್ದು ಅದು. ಹಿಡಿದ ತುಕ್ಕಿನೊಳಗೆ ಇಳಿಯಲು ಅದಕ್ಕಿಂತ ಅಸಿಟೋನ್ ಮತ್ತು ಎಟಿಎಫ್ ಎಣ್ಣೆ (ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವುದು) ಸಮ ಸಮ ಬೆರೆಸಿದ್ದೇ ವಾಸಿ ಅಂತ ಆಮೇಲೆ ಅನ್ನಿಸಿತು. ಬೆಂಕಿ ಹತ್ತಿರ ಮಾತ್ರ ಅದನ್ನು ತರಬಾರದು.

ಎಡಗಡೆ ಬಾಗಿಲಿನ ಕೆಳಗಿನ ಪಿನ್ನು ಹತ್ತೇ ಪೆಟ್ಟಿಗೆ ಹೊರಗೆ ಬಂತು. ನಾನು ಕೆಟ್ಟಿದ್ದೇ ಅದರಿಂದ. ಅದೊಂದು ಬರದೆ ಇದ್ದಿದ್ದರೆ ಅವತ್ತೇ ಸುತ್ತಿಗೆ ಕೆಳಗಿಡುತ್ತಿದ್ದೆ. ಅದೇ ಹುರುಪಿನಲ್ಲಿ ಬಲಗಡೆಯ ಮೇಲಿನ ಪಿನ್ನಿಗೆ ಹೋದೆ.

ಅಲ್ಲಿ ಸುತ್ತಿಗೆ ಬೀಸಲು ಜಾಗವೇ ಇಲ್ಲ. ಬಾಗಿಲು ಪೂರ್ತಿ ತೆರೆದರೂ ಒಂದು ಕಡೆ ಬಾಗಿಲಿನ ಅಂಚು, ಇನ್ನೊಂದು ಕಡೆ ಬಾಡಿ. ಗೇಣು ಜಾಗದಲ್ಲಿ ಟಪ್ ಟಪ್ ಅಂತ ಹೊಡೆಯಬೇಕು, ಅದೂ ಓರೆಯಾಗಿ. ಅರ್ಧ ಪೆಟ್ಟನ್ನು ತಗಡೇ ನುಂಗುತ್ತದೆ. ಬಾಗಿಲೂ ಕುಣಿಯುತ್ತದೆ, ಬಾಡಿಯೂ ಕುಣಿಯುತ್ತದೆ, ಪಿನ್ನು ಮಾತ್ರ ಕುಣಿಯುವುದಿಲ್ಲ. ಸಿಟ್ಟು ಬಂದು ದೊಡ್ಡ ಸುತ್ತಿಗೆ ತಂದೆ. ಪಂಚ್ ಜಾರಿ ಹೆಬ್ಬೆರಳಿನ ಉಗುರು ಕಪ್ಪಾಯಿತು. ಪಕ್ಕದ ಮನೆಯಿಂದ "ಅಣ್ಣಾ, ಈಗಷ್ಟೇ ಕೂಸು ಮಲ್ಕೊಂಡೈತಿ" ಅನ್ನುವ ದನಿ ಬೇರೆ.

ಮೂರನೇ ಸಂಜೆ ಟಾರ್ಚ್ ಹಾಕಿ ನೋಡಿದರೆ ಪಿನ್ನಿನ ತಲೆ ಹೂವಿನ ಹಾಗೆ ಅರಳಿತ್ತು. ನಾನೇ ಬಡಿದು ಬಡಿದು ಅದನ್ನು ತೂತಿಗಿಂತ ದಪ್ಪ ಮಾಡಿದ್ದೆ. ಈಗ ತುಕ್ಕು ಪೂರ್ತಿ ಬಿಟ್ಟರೂ ಆ ತಲೆ ತೂತಿನೊಳಗೆ ಹೋಗುವುದಿಲ್ಲ. ಮೂರು ದಿನದ ಕೆಲಸದಿಂದ ಪಿನ್ನು ಮೊದಲಿಗಿಂತ ಬಿಗಿಯಾಗಿತ್ತು.

ಅರಳಿದ್ದನ್ನು ಉಜ್ಜಿ ತೆಗೆಯದೆ ಬೇರೆ ದಾರಿ ಇಲ್ಲ. ಗ್ರೈಂಡರ್ ಒಳಗೆ ಹೋಗಲಿಲ್ಲ. ಅರ ಹೋಯಿತು, ಆದರೆ ಎಳೆಯಲು ಜಾಗ ಇರಲಿಲ್ಲ. ಕೊನೆಗೆ ಹ್ಯಾಕ್‌ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ, ಎರಡು ಬೆರಳಲ್ಲಿ ಹಿಡಿದು, ಬೆಕ್ಕು ಬಾಗಿಲು ಕೆರೆದ ಹಾಗೆ ಕೆರೆದೆ. ಎರಡು ಸಂಜೆ, ಮೂರು ಬ್ಲೇಡು. ಬಿಜಾಗ್ರಿಯ ಕಿವಿಗೂ, ಅಂದರೆ ಪಿನ್ನು ಕೂರುವ ತೂತಿನ ಸುತ್ತಲಿನ ಭಾಗಕ್ಕೂ, ಗೀರು ಬಿತ್ತು. ಈ ಎರಡು ಸಂಜೆಯ ಸಲುವಾಗಿಯೇ ನಾನು ಸುತ್ತಿಗೆಗೆ ಸೊನ್ನೆ ಕೊಡುವುದು.

ಎಡಗಡೆಯ ಮೇಲಿನ ಪಿನ್ನಿಗೆ ಗ್ಯಾಸ್ ಕಟಿಂಗ್ ಮಾಡುವವರನ್ನು ಮನೆಗೆ ಕರೆಸಿದೆ. 500 ರೂಪಾಯಿ. ಬಿಜಾಗ್ರಿಯ ಕಿವಿಯನ್ನು ಮಂದ ಕೆಂಪಾಗುವ ತನಕ ಕಾಯಿಸಿದರು, ಸ್ವಲ್ಪ ಆರಿದ ಮೇಲೆ ಮೇಣದಬತ್ತಿ ತಾಗಿಸಿದರು. ಮೇಣ ಕರಗಿ ಸಂದಿಯೊಳಗೆ ತಾನೇ ಹೀರಿಕೊಂಡಿತು. ಮೂರು ಪೆಟ್ಟು, ಪಿನ್ನು ಕೆಳಗೆ. ಎಲ್ಲಾ ಸೇರಿ ಕಾಲು ಗಂಟೆ. ಬರೀ ವೇಗ ನೋಡಿದರೆ ಇದನ್ನು ಮೀರಿಸುವುದು ಇಲ್ಲ, ಒಪ್ಪುತ್ತೇನೆ.

ಆದರೆ ಆ ಬಾಗಿಲಿನ ಮೇಲೆ ಅಜ್ಜನ ಕಾಲದ ಪೇಂಟರ್ ಕುಂಚದಲ್ಲಿ ಊರಿನ ಹೆಸರು ಬರೆದಿದ್ದ. ಎಡ ಬಾಗಿಲಿನಲ್ಲಿ ಮೊದಲ ಅಕ್ಷರ ಬರುವುದು ಬಿಜಾಗ್ರಿಯ ಕಡೆಗೇ. ಒದ್ದೆ ಗೋಣಿಚೀಲ ಅಡ್ಡ ಕಟ್ಟಿದ್ದೆವು, ಸಾಲಲಿಲ್ಲ. ಬಣ್ಣ ಹಪ್ಪಳದ ಹಾಗೆ ಉಬ್ಬಿ ಉದುರಿತು. ಈಗ ನಮ್ಮ ಗಾಡಿ 'ತ್ತೂರು'ನಿಂದ ಬಂದಿದ್ದು. ಪೂರ್ತಿ ಬಣ್ಣ ಕಿತ್ತು ಹೊಸದಾಗಿ ಹೊಡೆಸುವವರಿಗೆ ಗ್ಯಾಸ್ ಒಳ್ಳೆಯದೇ ಇರಬಹುದು. ನಾನು ಹಾಗೆ ಹೊಡೆಸುವವನಲ್ಲ.

ಡ್ರಿಲ್ ಹಾಕಿ ತೆಗೆಯುವುದನ್ನು ಗೆಳೆಯನ ಜೀಪಿನಲ್ಲಿ ನೋಡಿದ್ದೇನೆ. ಪಿನ್ನು ಗಟ್ಟಿ, ಬಿಜಾಗ್ರಿ ಮೆತ್ತಗೆ, ಬಿಟ್ ಮೆತ್ತಗಿನ ಕಡೆಗೇ ಓಡುತ್ತದೆ. ತೂತು ಮೊಟ್ಟೆಯಾಕಾರ ಆಯಿತು. ಬೇಡ.

ಇನ್ನು ಪುಲ್ಲರ್. ಅರಳಿದ ತಲೆಯ ಫೋಟೋ ಮೊಬೈಲಿನಲ್ಲಿ ತೋರಿಸಿದಾಗ ಲೇತ್ ಕಾಕಾ ನಕ್ಕರು. "ತಮ್ಮಾ, ಬಡದ್ರ ಹೋಗೂದಲ್ಲ ಇದು. ದಬ್ಬಬೇಕು." 25 ಮಿಮೀ ಪ್ಲೇಟಿನಲ್ಲಿ ಒಂದು ಸಿ ಆಕಾರ ಕತ್ತರಿಸಿದರು. ಒಂದು ತೋಳಿನಲ್ಲಿ 16 ಮಿಮೀ ಸ್ಕ್ರೂ, ಎದುರಿನ ತೋಳಿನಲ್ಲಿ ಪಿನ್ನು ಹೊರಗೆ ಬರಲು ತೂತು. ಸ್ಕ್ರೂ ತುದಿಗೆ ಪಿನ್ನಿಗಿಂತ ಅರ್ಧ ಮಿಮೀ ಸಣ್ಣದಾದ, ಟೆಂಪರ್ ಮಾಡಿದ ಕಡ್ಡಿ. ಕಡ್ಡಿ ಎರಡು ಬೇಕು ಅಂದರು. ಮೊದಲು ಗಿಡ್ಡದು, ಪಿನ್ನು ಅಲುಗಿದ ಮೇಲೆ ಉದ್ದದ್ದು. ಉದ್ದದ್ದನ್ನೇ ಮೊದಲು ಹಾಕಿದರೆ ಬಾಗುತ್ತದೆ.

ಇದರ ಗುಣ ಏನೆಂದರೆ, ದಬ್ಬುವುದು ಬಿಜಾಗ್ರಿಯ ಪಿನ್ನನ್ನು, ಆನಿಕೊಳ್ಳುವುದೂ ಬಿಜಾಗ್ರಿಗೇ. ತಗಡಿಗೆ ಏನೂ ತಾಗುವುದಿಲ್ಲ. ಒಂದಡಿ ಪಾನಾದ ತುದಿಗೆ 20 ಕಿಲೋದಷ್ಟು ಬಲ ಹಾಕಿದರೂ ಸ್ಕ್ರೂ ತುದಿಯಲ್ಲಿ ಒಂದೂವರೆ ಟನ್ನಿನ ಮೇಲೆ ಒತ್ತಡ ಬರುತ್ತದೆ. ಸ್ಕ್ರೂಗೆ ಗ್ರೀಸ್ ಹಚ್ಚಿರಬೇಕು ಅಷ್ಟೇ. ಬಾಗಿಲಿನ ಕೆಳಗೆ ಜಾಕ್ ಇಟ್ಟು, ಮೇಲೆ ಗೋಣಿಚೀಲ ಹಾಸಿದೆ. ಬಿಗಿ ಮಾಡಿದೆ. ಏನೂ ಆಗಲಿಲ್ಲ. ಇನ್ನೂ ಅರ್ಧ ಸುತ್ತು ಬಿಗಿ ಮಾಡಿ ಊಟಕ್ಕೆ ಹೋದೆ. ಬಂದು ಪುಲ್ಲರಿನ ಬೆನ್ನಿಗೆ ಸಣ್ಣ ಸುತ್ತಿಗೆಯಿಂದ ಒಂದೇ ಏಟು ಕೊಟ್ಟೆ. ಟಕ್! ಗುಂಡು ಹಾರಿದಂಥ ಸದ್ದು. ಅಲುಗಿದ್ದು ಕೆರೆದು ಸಪಾಟು ಮಾಡಿದ್ದ ಬಲಗಡೆಯ ಮೇಲಿನ ಅದೇ ಮೊಂಡ ಪಿನ್ನು. ಕೆಳಗಿನದಕ್ಕೆ ಇಪ್ಪತ್ತು ನಿಮಿಷ ಸಾಕಾಯಿತು.

ಕುಂದು ಇಲ್ಲ ಅಂತಲ್ಲ. ಎರಡು ಕಿಲೋ ಭಾರ, ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಸ್ಕ್ರೂ ತಿರುಗಿಸುವುದು ಕಷ್ಟ. ಬೇರೆ ಗಾಡಿಗೆ ಅಳತೆ ಹೊಂದದೆಯೂ ಇರಬಹುದು. ನಾಲ್ಕು ಪಿನ್ನಿಗೆ 1,800 ಜಾಸ್ತಿಯಾಯಿತು ಅಂತ ಹೆಂಡತಿಯ ಲೆಕ್ಕ. ನಾನು ಕೆಲಸ ಮಾಡುವುದು ಆಫೀಸಿನಿಂದ ಬಂದ ಮೇಲೆ, ಏಳರಿಂದ ಒಂಬತ್ತರವರೆಗೆ, ಒಬ್ಬನೇ. ಪಕ್ಕದಲ್ಲಿ ಕೂಸಿದೆ. ನನಗಂತೂ ಸದ್ದಿಲ್ಲದ್ದೇ ಬೇಕು. ಹಗಲು ಹೊತ್ತು, ಜೊತೆಗೆ ಇನ್ನೊಬ್ಬರು, ಬಣ್ಣದ ಚಿಂತೆ ಇಲ್ಲ ಅಂದರೆ ನೀವು ಗ್ಯಾಸಿನವರನ್ನು ಕರೆಯಬಹುದು.

ಹೊಸ ಪಿನ್ನುಗಳನ್ನೂ ಗನ್‌ಮೆಟಲ್ ಬುಷ್‌ಗಳನ್ನೂ ಅದೇ ಕಾಕಾ ತಿರುವಿಕೊಟ್ಟರು. ಗ್ರೀಸ್ ಹಚ್ಚಿ ಕೂರಿಸಿದ್ದೇನೆ, ಬಾಗಿಲು ಒಂದು ಬೆರಳಿಗೆ ಮುಚ್ಚುತ್ತದೆ. 'ಕಿ' ಬರೆಯಲು ಕೈಬರಹದ ಪೇಂಟರ್ ಒಬ್ಬರನ್ನು ಹುಡುಕುತ್ತಿದ್ದೇನೆ. ಪುಲ್ಲರ್ ಸದ್ಯ ಬಾಗಲಕೋಟೆಯಲ್ಲಿದೆ. ಹಳೆ ಜೀಪಿನ ಗೆಳೆಯ ಎರಡು ದಿನಕ್ಕೆ ಅಂತ ಒಯ್ದು ಒಂದು ತಿಂಗಳಾಯಿತು.