ನಮ್ಮೂರ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ

ಮೆಟ್ಟಿಲು ಹತ್ತಿದರೆ ಏದುಸಿರು. ವಯಸ್ಸಾಯಿತೆಂದುಕೊಂಡಿದ್ದೆ, ನನಗಿನ್ನೂ 38. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷಿಸಿದಾಗ ಹಿಮೋಗ್ಲೋಬಿನ್ 9.4 ಬಂತು, ಗರ್ಭಿಣಿಯಲ್ಲದ ಹೆಂಗಸಿಗೆ ಕನಿಷ್ಠ 12 ಇರಬೇಕು. ಅಲ್ಲಿನ ನರ್ಸ್ ಬರೀ ಮಾತ್ರೆ ಕೊಟ್ಟು ಕಳುಹಿಸಲಿಲ್ಲ. "ಅಕ್ಕಾ, ಮುಟ್ಟು ಎಷ್ಟು ದಿನ ಇರುತ್ತದೆ? ಊಟವಾದ ಕೂಡಲೇ ಚಹಾ ಕುಡಿಯುತ್ತೀರಾ? ಹೆರಿಗೆಗಳ ನಡುವೆ ಎಷ್ಟು ಅಂತರ?" ಎಂದು ಒಂದೊಂದಾಗಿ ಕೇಳಿದರು. ಒಂಬತ್ತು ದಿನದ ಸ್ರಾವವನ್ನು ನಾನು ಯಾರಿಗೂ ಹೇಳಿಯೇ ಇರಲಿಲ್ಲ! ಅದಕ್ಕಾಗಿ ಸ್ತ್ರೀರೋಗ ತಜ್ಞರಿಗೆ ಚೀಟಿ ಬರೆಸಿಕೊಟ್ಟರು. ಕಬ್ಬಿಣದ ಮಾತ್ರೆ ಉಚಿತ. ಚಹಾದೊಂದಿಗೆ ಬೇಡ, ನಿಂಬೆ ಪಾನಕದೊಂದಿಗೆ ನುಂಗಿ ಎಂದರು. ಮಲ ಕಪ್ಪಾದರೆ ಹೆದರಬೇಡಿ ಎಂದೂ ಹೇಳಿದರು. ಕೂರಲು ಬೆಂಚು ಸಾಲದು, ತಲೆಸುತ್ತುವವರು ಎರಡು ಗಂಟೆ ನಿಲ್ಲುವುದು ಕಷ್ಟ. ಗುರುವಾರ ತಂಗಿಯನ್ನೂ ಅಲ್ಲಿಗೇ ಕರೆದೊಯ್ಯುತ್ತಿದ್ದೇನೆ.