ಬಂಗಿಗೆ ಒಂದು, ಮೊಡವೆಗೆ ಇನ್ನೊಂದು: ಪೀಲ್‌ಗಳ ಹೋಲಿಕೆ

ಪೀಲ್ ಅಂದರೆ ಆಸಿಡ್ ಹಚ್ಚಿ ಚರ್ಮದ ಮೇಲ್ಪದರವನ್ನು ಸಿಪ್ಪೆಯಂತೆ ಏಳಿಸುವ ಚಿಕಿತ್ಸೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹೆಚ್ಚಿನವರದು ಫಿಟ್ಸ್‌ಪ್ಯಾಟ್ರಿಕ್ ಅಳತೆಯಲ್ಲಿ (ಬಣ್ಣ, ಬಿಸಿಲಿಗೆ ಸುಡುವ ಬಗೆ ನೋಡಿ ಚರ್ಮವನ್ನು 1ರಿಂದ 6ರವರೆಗೆ ವಿಂಗಡಿಸುವ ಅಳತೆ) 4 ಅಥವಾ 5ನೇ ಬಗೆಯ ಚರ್ಮ. ಬಿಸಿಲಿಗೆ ಸುಡುವುದು ಕಮ್ಮಿ, ಕಪ್ಪಾಗುವುದು ಬೇಗ. ಒಂದು ಮೊಡವೆ ಚಿವುಟಿದರೆ ತಿಂಗಳುಗಟ್ಟಲೆ ಕಲೆ ಕೂರುತ್ತದೆ. ಇಂಥ ಚರ್ಮಕ್ಕೆ ಎಷ್ಟು ಸಿಪ್ಪೆ ಏಳುತ್ತದೆ ಅನ್ನುವುದು ಮುಖ್ಯವಲ್ಲ. ಎಷ್ಟು ಕಡಿಮೆ ಕೆರಳಿಸಿ ಕೆಲಸ ಮುಗಿಸುತ್ತದೆ ಅನ್ನುವುದೇ ಲೆಕ್ಕ.

ಎಲ್ಲರೂ ಮೊದಲು ಕೇಳುವುದು ಗ್ಲೈಕಾಲಿಕ್ ಆಸಿಡ್. ಇದರ ಅಣು ಬಹಳ ಚಿಕ್ಕದು, ಚರ್ಮದೊಳಕ್ಕೆ ಬೇಗ ಇಳಿಯುತ್ತದೆ, ಆದರೆ ಎಲ್ಲ ಕಡೆ ಒಂದೇ ಸಮ ಇಳಿಯುವುದಿಲ್ಲ. ಮೂಗಿನ ಪಕ್ಕದ ಮಡಿಕೆ, ಬಾಯಿಯ ಮೂಲೆ, ಹಿಂದಿನ ದಿನ ಥ್ರೆಡಿಂಗ್ ಮಾಡಿಸಿದ ಜಾಗ ಮೊದಲು ಕೆಂಪಾಗುತ್ತವೆ. ಹಾಗಾಗಿ ಆ ಮೂಲೆಗಳಿಗೆ ಮುಂಚೆಯೇ ವ್ಯಾಸಲೀನ್ ಸವರಬೇಕು. ಇದು ತಾನಾಗಿ ನಿಲ್ಲುವ ಆಸಿಡ್ ಅಲ್ಲ. ಮೊದಲ ಸಲ 30–35 ಪರ್ಸೆಂಟ್ ಹಚ್ಚಿ, 1–2 ನಿಮಿಷಕ್ಕೆ ಸೋಡಾ ಬೈಕಾರ್ಬನೇಟ್ ದ್ರಾವಣದಿಂದ ನಿಲ್ಲಿಸಬೇಕು. ನಡುವೆ ಒಂದು ಕಡೆ ಮಾತ್ರ ಜಾಸ್ತಿ ಕೆಂಪಾದರೆ ಅಲ್ಲಿಗಷ್ಟೇ ಮೊದಲು ಈ ದ್ರಾವಣ ಹಾಕಬೇಕು. ಬೂದು ಬಿಳುಪು ಕಂಡಿತೆಂದರೆ ತಡವಾಯಿತು ಅಂತಲೇ ಅರ್ಥ. ಬಾಟಲಿಯ ಪರ್ಸೆಂಟ್ ಒಂದನ್ನೇ ನಂಬುವ ಹಾಗೂ ಇಲ್ಲ, ಪಿಎಚ್ (ಹುಳಿಯ ಅಳತೆ) ಇಳಿದಷ್ಟೂ ಆಸಿಡ್ ಜೋರು: ಪಿಎಚ್ 1ರ ಹತ್ತಿರವಿರುವ 35 ಪರ್ಸೆಂಟ್ ಬೇರೆ, ಪಿಎಚ್ 3 ದಾಟಿದ 35 ಪರ್ಸೆಂಟ್ ಬೇರೆ.

ಎಣ್ಣೆ ಚರ್ಮ, ಮೊಡವೆ, ಕಪ್ಪು ತಲೆಯ ಗುಳ್ಳೆ ಇದ್ದರೆ ಸ್ಯಾಲಿಸಿಲಿಕ್‌ಗೆ ಸಾಟಿ ಇಲ್ಲ. ಅದು ಎಣ್ಣೆಯಲ್ಲಿ ಕರಗುವುದರಿಂದ ಜಿಡ್ಡು ಕಟ್ಟಿದ ರಂಧ್ರದೊಳಕ್ಕೇ ಹೋಗುತ್ತದೆ. ಆಲ್ಕೋಹಾಲ್‌ನಲ್ಲಿ ಕರಗಿಸಿದ 20 ಅಥವಾ 30 ಪರ್ಸೆಂಟ್ ಬಳಸುತ್ತಾರೆ. ಎರಡು ಮೂರು ನಿಮಿಷ ಜೋರು ಉರಿ, ಆಮೇಲೆ ಜಾಗ ಜೋಮು ಹಿಡಿದ ಹಾಗೆ. ಎದುರಿಗೊಂದು ಫ್ಯಾನ್ ಇಟ್ಟುಕೊಂಡರೆ ತಡೆಯಬಹುದು. ಮುಖದ ಮೇಲೆ ಬಿಳಿ ಪುಡಿ ಕಟ್ಟುತ್ತದೆ. ಸುಟ್ಟಿತೆಂದು ಗಾಬರಿಯಾಗುವವರೇ ಜಾಸ್ತಿ, ಆದರೆ ಅದು ಆಲ್ಕೋಹಾಲ್ ಆರಿ ಉಳಿದ ಆಸಿಡ್‌ನ ಹರಳು ಅಷ್ಟೇ. 3–5 ನಿಮಿಷಕ್ಕೆ ನೀರಿನಲ್ಲಿ ತೊಳೆದರೆ ಸಾಕು. ಆಸ್ಪಿರಿನ್ ಅಲರ್ಜಿ ಇರುವವರಿಗೆ, ಬಸುರಿಯರಿಗೆ ಬೇಡ. ಬೆನ್ನಿಗಾದರೆ ಒಂದೇ ದಿನ ಪೂರ್ತಿ ಹಚ್ಚದೆ ಭಾಗ ಮಾಡಿಕೊಳ್ಳಬೇಕು. ಮೈಗೆ ಜಾಸ್ತಿ ಇಳಿದರೆ ಕಿವಿ ಗುಂಯ್‌ಗುಡುತ್ತದೆ.

ಮ್ಯಾಂಡೆಲಿಕ್‌ಗೆ ಅಷ್ಟು ಹೆಸರಿಲ್ಲ, ಇರಬೇಕಿತ್ತು. ಕಹಿ ಬಾದಾಮಿಯಿಂದ ಬಂದ ಈ ಆಸಿಡ್‌ನ ಅಣು ಗ್ಲೈಕಾಲಿಕ್‌ನದಕ್ಕಿಂತ ಎರಡು ಪಟ್ಟು ತೂಕದ್ದು. ನಿಧಾನಕ್ಕೆ, ಸಮವಾಗಿ ಇಳಿಯುತ್ತದೆ, ಉರಿಯೂ ಕಮ್ಮಿ. ಸಿಪ್ಪೆ ಅಷ್ಟಾಗಿ ಏಳದಿರುವುದರಿಂದ ದುಡ್ಡು ದಂಡ ಅನ್ನುವವರಿದ್ದಾರೆ. ಆದರೆ ಬಂಗು ಇರುವವರಿಗೆ, ಮೊದಲ ಸಲ ಪೀಲ್ ಮಾಡಿಸುವವರಿಗೆ ನಮ್ಮ ಆಯ್ಕೆ ಇದೇ: 30–40 ಪರ್ಸೆಂಟ್, 2–3 ವಾರಕ್ಕೊಮ್ಮೆ, 4ರಿಂದ 6 ಸಲ. ಮೊಡವೆ, ಅದರ ಕಲೆ ಎರಡೂ ಇದ್ದರೆ 20 ಪರ್ಸೆಂಟ್ ಸ್ಯಾಲಿಸಿಲಿಕ್, 10 ಪರ್ಸೆಂಟ್ ಮ್ಯಾಂಡೆಲಿಕ್ ಬೆರೆತದ್ದು ಸಿಗುತ್ತದೆ. ಒಣ ಚರ್ಮಕ್ಕೆ ಲ್ಯಾಕ್ಟಿಕ್ ಸಾಕು.

ಟಿಸಿಎ (ಟ್ರೈಕ್ಲೋರೋಅಸಿಟಿಕ್ ಆಸಿಡ್) ಪೂರ್ತಿ ಮುಖಕ್ಕೆ ಬೇಡ. ಅದು ಚರ್ಮದ ಪ್ರೋಟೀನನ್ನೇ ಹೆಪ್ಪುಗಟ್ಟಿಸುತ್ತದೆ. ಬೆಳ್ಳಗಾದ ಮೇಲೆ ನೀರು ಸುರಿದರೂ ಹಿಂದಕ್ಕೆ ಬರುವುದಿಲ್ಲ. ಸೂಜಿ ಚುಚ್ಚಿದಂಥ ಆಳದ ಮೊಡವೆ ಗುಳಿಗಳಿಗೆ ಮಾತ್ರ ಡಾಕ್ಟರು ಕಡ್ಡಿಯ ತುದಿಯಲ್ಲಿ ಗುಳಿಯೊಳಗೆ ಇಡುತ್ತಾರೆ. ಇನ್ನೂ ಆಳಕ್ಕಿಳಿಯುವ ಫೀನಾಲ್ ಪೀಲ್‌ನ ಮಾತೇ ಬೇಡ, ಅದು ಹೃದಯದ ಬಡಿತವನ್ನೇ ಕೆಡಿಸಬಲ್ಲದು.

ಯಾವುದನ್ನೇ ಆರಿಸಿದರೂ ಮೆಡಿಕಲ್ ಶಾಪ್‌ನಿಂದ ತಂದು ಬೆಳ್ಳಗಾಗಲೆಂದು ಹಚ್ಚುತ್ತಿರುವ ಟ್ಯೂಬನ್ನು ಮೊದಲು ಡಾಕ್ಟರಿಗೆ ತೋರಿಸಿ. ಅದರಲ್ಲಿ ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್‌ನಂಥ ಸ್ಟೀರಾಯ್ಡ್ ಇದ್ದರೆ ಚರ್ಮ ತೆಳುವಾಗಿರುತ್ತದೆ, ಮೆದು ಪೀಲ್ ಕೂಡ ಸುಡುತ್ತದೆ. ಮೊಡವೆಗೆ, ಕಲೆಗೆ ಟ್ರೆಟಿನಾಯಿನ್ ಕ್ರೀಮ್ ಹಚ್ಚುವವರು ವಾರದ ಮುಂಚೆ ನಿಲ್ಲಿಸಬೇಕು. ಕಿವಿಯ ಹಿಂದೆ ಒಂದು ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡಿಸಿಕೊಳ್ಳುವುದೂ ಒಳ್ಳೆಯದು. ಬೆಳಗಿನಿಂದ ಸಂಜೆವರೆಗೆ ಟೊಮೆಟೊ ತೋಟದಲ್ಲಿ ಇರುವವರಿಗೆ ಗ್ಲೈಕಾಲಿಕ್‌ನಿಂದ ಲಾಭಕ್ಕಿಂತ ಕಲೆಯೇ ಹೆಚ್ಚು. ಅವರು ಡಾಕ್ಟರನ್ನು ಕೇಳಿ ಕಲೆ ತಿಳಿಯಾಗಿಸುವ ಅಜಿಲಾಯಿಕ್ ಆಸಿಡ್ ಕ್ರೀಮ್‌ನಲ್ಲೇ ಇರುವುದು ಮೇಲು.

ಕಾಲದ ವಿಷಯಕ್ಕೆ ಬಂದರೆ, ಮದುವೆಗೆ ಬರದ ಆಷಾಢವೇ ಪೀಲ್‌ಗೆ ಒಳ್ಳೆಯ ಮುಹೂರ್ತ. ಮೋಡವಿದ್ದರೂ ಸನ್‌ಸ್ಕ್ರೀನ್ ಬಿಡುವಂತಿಲ್ಲ. ಏಳುವ ಸಿಪ್ಪೆಯನ್ನು ಕಿತ್ತರೆ ಕಿತ್ತ ಜಾಗವೇ ಕಪ್ಪಾಗುತ್ತದೆ. ಮದುವೆ ಗೊತ್ತಾದವರು ಕೊನೆಯ ಪೀಲನ್ನು ಒಂದು ತಿಂಗಳ ಮುಂಚೆಯೇ ಮುಗಿಸಿಕೊಳ್ಳಲಿ. ಹಸಿ ಚರ್ಮಕ್ಕೆ ಅರಿಶಿನ ಶಾಸ್ತ್ರದ ಅರಿಶಿನ ಬಿದ್ದರೆ ಹಸೆಮಣೆಯ ಮೇಲೂ ಮುಖ ಉರಿಯುತ್ತಿರುತ್ತದೆ.